ಈಗ ಉರಿಯುತ್ತಿಲ್ಲ

ಹಿಂದಿನ ಕಾಲದಲ್ಲಿ ಹಿಡಿದ ಬಿಲ್ಲನ್ನು ಕೆಳಗಿಡದ ವೀರರಿದ್ದರಂತೆ, ಕೊಟ್ಟ ಮಾತಿಗಾಗಿ ರಾಜ್ಯ ಬಿಟ್ಟವರೂ ಇದ್ದರಂತೆ. ಇದ್ದರೇನು ಮಹಾ? ನಮ್ಮ ನಗರಸಭೆಯ ದೂರು ವಿಭಾಗದಲ್ಲಿ, ಫೋನಿನ ರಿಸೀವರನ್ನು ಹತ್ತೊಂಬತ್ತು ವರ್ಷ ಒಮ್ಮೆಯೂ ತಾವಾಗಿ ಮೊದಲು ಕೆಳಗಿಡದ ಹೆಂಗಸೊಬ್ಬರಿದ್ದರು. ಆಚೆ ಕಡೆಯವರು ಇಡಬೇಕು, ಆಮೇಲೆ ಇವರು ಇಡಬೇಕು. ಆಕಾಶ ಕಳಚಿ ಬಿದ್ದರೂ ಈ ನೇಮ ತಪ್ಪುವಂತಿಲ್ಲ. ಆಕಾಶ ಬೀಳಲಿಲ್ಲ, ನಿಜ. ಆದರೆ ಒಂದು ಮಧ್ಯಾಹ್ನ ಮೇಲಿನ ಗಾರೆ ದೊಪ್ಪನೆ ಕಳಚಿ ಅವರ ಮೇಜಿನ ಮೇಲೆಯೇ ಬಿತ್ತು. ಅವರು ರಿಜಿಸ್ಟರಿನ ಧೂಳು ಊದಿ, "ಹೇಳಿ, ಕೇಳಿಸ್ತಾ ಇದೆ," ಎಂದರು.

ಇನ್ನೊಮ್ಮೆ ಬೀದಿನಾಯಿಗಳ ಮೇಲೆ ದೂರು ಹೇಳುತ್ತಿದ್ದ ಒಬ್ಬ ಮಹಾಶಯ ಮಾತಿನ ನಡುವೆ ನಿದ್ದೆಹೋದ. ನಲವತ್ತು ನಿಮಿಷ ಅವನ ಗೊರಕೆಯನ್ನು ಇವರು ಸರ್ಕಾರಿ ಶ್ರದ್ಧೆಯಿಂದ ಆಲಿಸಿದರು. ಕೊನೆಗೆ ಪೇಟೆಯಿಂದ ಬಂದ ಅವನ ಹೆಂಡತಿ ರಿಸೀವರ್ ಎತ್ತಿಕೊಂಡು ಯಾರೆಂದು ಕೇಳಿದಾಗ, "ನಗರಸಭೆಯಿಂದ ಅಮ್ಮ. ನಾಯಿ ಎಷ್ಟು ಅಂತ ಹೇಳೋಕೆ ಮುಂಚೆ ಮಲ್ಕೊಂಡ್ಬಿಟ್ರು," ಎಂದರು. "ಮೂರು," ಎಂದು ಹೇಳಿ ಆ ತಾಯಿ ಫೋನಿಟ್ಟರಂತೆ. ಆಮೇಲೆ ನಮ್ಮವರೂ ಇಟ್ಟರು.

ಅವರನ್ನು ಇಡೀ ಕಚೇರಿ ದೂರಿನಕ್ಕ ಎನ್ನುತ್ತಿತ್ತು. ನಾನು ಎದುರು ಮೇಜಿನವನು, ಜನನ ಮರಣ ವಿಭಾಗ. ಹುಟ್ಟಿದವರನ್ನೂ ಸತ್ತವರನ್ನೂ ನಾನು ನೋಡಿಕೊಳ್ಳುತ್ತಿದ್ದೆ, ನಡುವೆ ಇರುವವರ ಗೋಳೆಲ್ಲ ಅಕ್ಕನ ಪಾಲು. ಒಂದೇ ಕೋಣೆ. ನೀರಿನ ಟ್ಯಾಂಕಿನ ಕಡೆಗೆ ಒಂದು ಕಿಟಕಿ, ತಿರುಗುವಾಗ ನರಳುವ ಒಂದು ಫ್ಯಾನು, ಅಕ್ಕನೇ ಹೊಲಿದ ಹೂವಿನ ಬಟ್ಟೆ ಹೊದ್ದ ಒಂದು ಕಪ್ಪು ಫೋನು. ಆ ಫೋನಿನ ಗಂಟಲು ದೊಡ್ಡದು, ಆಚೆಯವರು ಆಡಿದ್ದು ನನ್ನ ಮೇಜಿಗೂ ಕೇಳುತ್ತಿತ್ತು. ನಾನು ಕದ್ದು ಕೇಳಿದವನಲ್ಲ. ಕಿವಿ ಮುಚ್ಚಿಕೊಳ್ಳಲಿಲ್ಲ, ಅಷ್ಟೇ.

ದಿನಕ್ಕೆ ಎಂಬತ್ತು ಕರೆ. ಚರಂಡಿ, ಕಸದ ಗಾಡಿ, ಬಾರದ ನೀರು, ಬಂದು ನಿಲ್ಲದ ನೀರು. ಊರಿಗೆಲ್ಲ ಅಕ್ಕನ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರ ದನಿ ಕೇಳಿಯೇ ಅಕ್ಕ ಇವರ ಮನೆ ಮುಂದೆ ಯಾವ ಪೈಪು ಒಡೆದಿತ್ತು ಎಂದು ಹೇಳಬಲ್ಲರು, ಆದರೆ ಹೇಳುತ್ತಿರಲಿಲ್ಲ. ಸೈಕಲ್ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಒಬ್ಬರೇ ಇದ್ದರು. ಬೇರೆ ಊರಿನಲ್ಲಿದ್ದ ಅಣ್ಣನಿಂದ ವರ್ಷಕ್ಕೊಂದು ಕಾಗದ ಬರುತ್ತಿತ್ತು, ಹೇಗಿದ್ದೀಯ ಎಂದು. ಉತ್ತರ ತಲುಪುವುದರೊಳಗೆ ಅಣ್ಣನಿಗೆ ಪ್ರಶ್ನೆ ಮರೆತಿರುತ್ತಿತ್ತು. ಆಗಿನ್ನೂ ಮೊಬೈಲೆಂಬುದು ದೊಡ್ಡ ಅಧಿಕಾರಿಗಳ ಸೊಂಟದ ಆಭರಣ. ಆರಕ್ಕೆ ಕಚೇರಿ ಮುಚ್ಚಿದರೆ ಮರುದಿನ ಹತ್ತರವರೆಗೆ ಅಕ್ಕನ ಕಿವಿಗೆ ಯಾರ ಮಾತೂ ಬೀಳುತ್ತಿರಲಿಲ್ಲ.

ಗುರುವಾರ ಮಾತ್ರ ಬೇರೆ. ಅದನ್ನು ಹೇಳಬೇಕಾದರೆ ಒಂದು ಸುತ್ತೋಲೆಯ ಕಥೆ ಹೇಳಬೇಕು.

ಎಂದೋ ಇದ್ದ ಒಬ್ಬ ಕಮಿಷನರು ಒಂದು ನಿಯಮ ಮಾಡಿ ಹೋಗಿದ್ದರು. ದೂರು ಕೊಟ್ಟವರ ಬಾಯಿಂದಲೇ ‘ಸರಿಯಾಗಿದೆ’ ಎಂದು ಬರುವವರೆಗೂ ದೂರು ಮುಗಿಯಕೂಡದು. ವಾರಕ್ಕೊಮ್ಮೆ ಫೋನು ಮಾಡಿ ಕೇಳಬೇಕು. ಅವರು ಏನು ಹೇಳುತ್ತಾರೋ ಅದನ್ನು ಹೇಳಿದ ಹಾಗೆಯೇ ಬರೆಯಬೇಕು. ಕಮಿಷನರು ಹೋದರು, ಸುತ್ತೋಲೆ ಉಳಿಯಿತು. ಅಧಿಕಾರಿಗೆ ವರ್ಗವುಂಟು, ಸುತ್ತೋಲೆಗೆ ಇಲ್ಲ.

ನಾನೂರ ಹನ್ನೆರಡನೇ ದೂರು ಬಂದದ್ದು ಹಳೇ ಪೇಟೆಯ ಹಿಂದಿನ ಓಣಿಯಿಂದ. ಮನೆ ಮುಂದಿನ ಕಂಬದ ಲೈಟು ಹೋಗಿದೆ, ಅಷ್ಟೇ. ಕೊಟ್ಟವರು ಗಡಿಯಾರ ರಿಪೇರಿಯವರು. ಕಣ್ಣು ಮಂಜಾದ ಮೇಲೆ ಅಂಗಡಿ ಬಿಟ್ಟು ಮನೆಯಲ್ಲೇ ಕೂತಿದ್ದ ಒಂಟಿ ಜೀವ. ಮಾರನೆಯ ದಿನವೇ ಲೈನ್‌ಮನ್ ಹೋಗಿ ಬಲ್ಬು ಹಾಕಿ ಬಂದ. ಗುರುವಾರ ಹನ್ನೊಂದಕ್ಕೆ ಅಕ್ಕ ನಿಯಮದ ಪ್ರಕಾರ ಫೋನು ಮಾಡಿದರು.

"ಯಜಮಾನ್ರೇ, ನಗರಸಭೆಯಿಂದ. ಲೈಟು ಉರೀತಿದ್ಯಾ?"

ಆಚೆ ಕಡೆಯವರು ಎದ್ದು ಹೋಗಿ, ಬಾಗಿಲಲ್ಲಿ ನಿಂತು ನೋಡಿ, ವಾಪಸು ಬಂದರು. ಬೆಳಗಿನ ಹನ್ನೊಂದು ಗಂಟೆ. ಬಿಸಿಲು ಚೆನ್ನಾಗಿತ್ತು.

"ಈಗ ಉರೀತಿಲ್ಲ ಮೇಡಂ," ಎಂದರು.

ಆ ಮನುಷ್ಯ ಸುಳ್ಳು ಹೇಳುವ ಪೈಕಿಯಲ್ಲ. ನಮ್ಮ ಅಕ್ಕ ಸುಳ್ಳು ಬರೆಯುವ ಪೈಕಿಯಲ್ಲ. ರಿಜಿಸ್ಟರಿನಲ್ಲಿ ‘ಈಗ ಉರಿಯುತ್ತಿಲ್ಲ’ ಎಂದು ಗುಂಡಗೆ ಬರೆದರು. ಸತ್ಯಕ್ಕಾಗಿ ಹೆಂಡತಿ ಮಕ್ಕಳನ್ನು ಮಾರಿದವರ ಕಥೆ ಕೇಳಿದ್ದೇವೆ. ಸತ್ಯಕ್ಕಾಗಿ ಒಂದು ಬೀದಿ ದೀಪವನ್ನು ಆರು ವರ್ಷ ಕತ್ತಲಲ್ಲಿಟ್ಟವರು ಇವರಿಬ್ಬರೇ.

ಹೌದು, ಆರು ವರ್ಷ. ಪ್ರತಿ ಗುರುವಾರ ಹನ್ನೊಂದಕ್ಕೆ ಅದೇ ಪ್ರಶ್ನೆ, ಅದೇ ಉತ್ತರ, ಅದೇ ಗುಂಡಗಿನ ಅಕ್ಷರ. ಅತ್ತ ಲೈನ್‌ಮನ್ನಿನ ಪಾಡು ನಾಯಿಪಾಡು. ಪ್ರತಿ ತಿಂಗಳ ಪಟ್ಟಿಯಲ್ಲೂ ಆ ಕಂಬ. ಅವನು ಬಲ್ಬು ಬದಲಾಯಿಸಿದ, ಹೋಲ್ಡರ್ ಬದಲಾಯಿಸಿದ, ತಂತಿ ಬದಲಾಯಿಸಿದ, ನಾಲ್ಕನೇ ವರ್ಷ ಕಂಬವನ್ನೇ ಕಿತ್ತು ಹೊಸದು ನೆಟ್ಟ. ಒಂದು ದಿನ ತಡೆಯಲಾರದೆ ಅಕ್ಕನ ಮೇಜಿನ ಮುಂದೆ ಬಂದು ನಿಂತ.

"ನಾನು ಹಾಕಿದಾಗ ಉರೀತಿತ್ತು ಅಕ್ಕ."

"ಅವರು ಈಗ ಉರೀತಿಲ್ಲ ಅಂತಾರಲ್ಲಪ್ಪ."

"ಈಗ ಹೇಗೆ ಉರಿಯುತ್ತೆ, ಹಾಡಹಗಲಲ್ಲಿ?"

"ಅದನ್ನ ಬರೆಯೋಕೆ ಕಾಲಂ ಇಲ್ಲ," ಎಂದರು ಅಕ್ಕ.

ಇಬ್ಬರೂ ದಡ್ಡರಲ್ಲ. ನಿನ್ನೆ ರಾತ್ರಿ ಉರೀತಿತ್ತಾ ಎಂದು ಅಕ್ಕ ಕೇಳಿದ್ದರೆ ಮೊದಲ ವಾರವೇ ದೂರು ಮುಗಿಯುತ್ತಿತ್ತು. ಮುಗಿದ ದೂರಿಗೆ ಫೋನು ಮಾಡುವ ಹಾಗಿಲ್ಲ. ಆದ್ದರಿಂದ ಅಕ್ಕ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬರೆದುಕೊಂಡಾದ ಮೇಲೆ ನಿಜವಾದ ಮಾತು ಶುರುವಾಗುತ್ತಿತ್ತು.

"ಮೊಣಕಾಲು ಹೇಗಿದೆ ಮೇಡಂ?"

"ಮೆಟ್ಟಿಲು ಹತ್ತುವಾಗ ಸ್ವಲ್ಪ ಹಿಡಿಯುತ್ತೆ."

"ನಿಧಾನಕ್ಕೆ ಹತ್ತಿ. ಮೆಟ್ಟಿಲೇನು ಓಡಿಹೋಗಲ್ಲ."

"ನಿಮ್ಮ ಕೆಮ್ಮು?"

"ಅದು ಮಾತ್ರ ಟೈಮಿಗೆ ಸರಿಯಾಗಿ ಬರುತ್ತೆ, ನನ್ನ ಗಡಿಯಾರಗಳಿಗಿಂತ ವಾಸಿ."

ಅಷ್ಟರಲ್ಲಿ ಅವರ ಗಡಿಯಾರಗಳು ಹನ್ನೊಂದು ಹೊಡೆಯಲು ತೊಡಗುತ್ತಿದ್ದವು. ರಿಪೇರಿಗೆ ಕೊಟ್ಟವರು ವಾಪಸು ಒಯ್ಯಲು ಬಾರದೆ ಉಳಿದುಹೋದ ಏಳು ಗೋಡೆ ಗಡಿಯಾರಗಳು. ಏಳಕ್ಕೂ ಒಂದಕ್ಕೊಂದು ಆಗಿಬರದು. ಒಂದು ಮುಗಿಸಿ ಗಂಟಲು ಸರಿಮಾಡಿಕೊಳ್ಳುವಾಗ ಇನ್ನೊಂದು ಶುರು. ಅಕ್ಕ ಬೆರಳು ಮಡಿಸುತ್ತ ಎಣಿಸುತ್ತಿದ್ದರು. ಆರಾದ ಮೇಲೆ ಒಂದು ದೀರ್ಘ ಮೌನ. "ಇರಿ, ಇನ್ನೂ ಒಂದಿದೆ. ಏಳನೆಯದು ಸ್ವಲ್ಪ ಸೋಮಾರಿ," ಎನ್ನುತ್ತಿದ್ದರು ಯಜಮಾನರು. ಆ ಸೋಮಾರಿ ಒಮ್ಮೊಮ್ಮೆ ಕಾಲು ಗಂಟೆ ಕಾಯಿಸುತ್ತಿತ್ತು. ಇಬ್ಬರೂ ಮಾತಿಲ್ಲದೆ ಕಾಯುತ್ತಿದ್ದರು. ಅದು ಹೊಡೆದ ಮೇಲೆ ಅವರು ಇಡುತ್ತಿದ್ದರು, ಆಮೇಲೆ ಅಕ್ಕ.

"ಯಜಮಾನ್ರು ಏನಂದ್ರು ಅಕ್ಕ?" ಎಂದು ನಾವು ಛೇಡಿಸುತ್ತಿದ್ದೆವು.

"ಈಗ ಉರೀತಿಲ್ಲ ಅಂದ್ರು," ಎಂದು ಅಕ್ಕ ರಿಜಿಸ್ಟರು ತಿರುಗಿಸಿ ತೋರಿಸುತ್ತಿದ್ದರು.

ಹೀಗಿರುವಾಗ ಹೊಸ ಕಮಿಷನರು ಬಂದರು. ಬಾಕಿ ದೂರು ಸೊನ್ನೆ ಇರುವ ನಗರಸಭೆಗೆ ಒಂದು ಪಾರಿತೋಷಕ ಇತ್ತು, ಇವರಿಗೆ ಅದರ ಮೇಲೆ ಕಣ್ಣು. ಎರಡು ತಿಂಗಳಲ್ಲಿ ಊರಿನ ಚರಂಡಿಗಳು ಪನ್ನೀರಿನಂತಾದವು, ಕನಿಷ್ಠ ಪಕ್ಷ ಕಾಗದದ ಮೇಲೆ. ಉಳಿದದ್ದು ಒಂದೇ, ನಾನೂರ ಹನ್ನೆರಡು. ಸಾಹೇಬರು ರಿಜಿಸ್ಟರು ತರಿಸಿದರು. ಮುನ್ನೂರಕ್ಕೂ ಹೆಚ್ಚು ಸಲ ‘ಈಗ ಉರಿಯುತ್ತಿಲ್ಲ’. ಲೈನ್‌ಮನ್ನನ್ನು ಕರೆಸಿ ಬೆವರಿಳಿಸಿದರು. ಅವನು ಕೈಮುಗಿದು, "ಒಂದು ಸಂಜೆ ಬಂದು ನೋಡಿ ಸಾರ್," ಎಂದ. ನೋಡಿದರು. ಊರಿನಲ್ಲೇ ಆ ಕಂಬದಷ್ಟು ಚೆನ್ನಾಗಿ ಉರಿಯುವ ಕಂಬ ಇನ್ನೊಂದಿರಲಿಲ್ಲ.

ಮರುದಿನ ಬುಧವಾರ, ಸಾಹೇಬರು ನಮ್ಮ ಕೋಣೆಗೇ ಬಂದರು.

"ಏನಮ್ಮ ಇದು?"

"ಅವರು ಹೇಳಿದ್ದನ್ನ ಬರೆದಿದ್ದೀನಿ ಸಾರ್."

"ರಾತ್ರಿ ಉರಿಯುತ್ತಾ ಅಂತ ಕೇಳೋಕೆ ಏನಾಗಿತ್ತು? ನಾಳೆ ಕೇಳಿ. ನಾಳೆಯೇ ಮುಗಿಸಿ. ಇಲ್ಲದಿದ್ರೆ ನಾಡಿದ್ದಿನಿಂದ ನೀವು ಸ್ಟೋರ್ ರೂಮಲ್ಲಿರ್ತೀರಿ."

ಅಕ್ಕ ತಲೆಯಾಡಿಸಿದರು. ಆ ಮಧ್ಯಾಹ್ನ ಮೂರು ಚರಂಡಿ ಮತ್ತು ಒಂದು ಸತ್ತ ಹಸುವಿನ ದೂರನ್ನು ಎಂದಿನಂತೆ ಬರೆದುಕೊಂಡರು. ಹೂವಿನ ಬಟ್ಟೆಯನ್ನು ಮಾತ್ರ ಎರಡು ಸಲ ಮಡಿಸಿ, ಎರಡು ಸಲ ಬಿಚ್ಚಿದರು. ದೂರು ಮುಗಿದರೆ ಗುರುವಾರ ಹೋಗುತ್ತದೆ. ಮುಗಿಯದಿದ್ದರೆ ಫೋನೇ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ ಎಂಬುದನ್ನು ಪುಸ್ತಕದಲ್ಲಿ ಓದಿದ್ದೆ, ಆ ದಿನ ಎದುರು ಮೇಜಿನಲ್ಲಿ ಕಂಡೆ.

ಗುರುವಾರ ಹನ್ನೊಂದು. ಅಕ್ಕ ನಂಬರು ತಿರುಗಿಸಿದರು. ಜನನ ಪತ್ರಕ್ಕೆ ಬಂದವರನ್ನು ನಾನು ಸುಮ್ಮನೆ ಹೊರಗಿನ ಬೆಂಚಿಗೆ ಕಳಿಸಿದೆ.

"ಯಜಮಾನ್ರೇ, ನಗರಸಭೆಯಿಂದ."

"ನೋಡಿ ಬರ್ತೀನಿ ಇರಿ ಮೇಡಂ."

"ನೋಡೋದು ಬೇಡ." ಅಕ್ಕ ರಿಜಿಸ್ಟರನ್ನು ಹತ್ತಿರ ಎಳೆದುಕೊಂಡರು. "ನಿನ್ನೆ ರಾತ್ರಿ ಉರೀತಿತ್ತಾ?"

ಯಜಮಾನರು ಮೆಲ್ಲಗೆ, "ಆರು ವರ್ಷದಿಂದ ಕೇಳದೇ ಇದ್ದದ್ದನ್ನ ಇವತ್ಯಾಕೆ ಕೇಳ್ತೀರಿ?" ಎಂದರು.

"ಸಾಹೇಬ್ರು ಕೇಳ್ಬೇಕು ಅಂದ್ರು."

"ಕೇಳದಿದ್ರೆ?"

"ಸ್ಟೋರ್ ರೂಮಿಗೆ ಹಾಕ್ತಾರೆ."

"ಅಲ್ಲಿ ಫೋನಿದ್ಯಾ?"

"ಇಲ್ಲ. ಪೊರಕೆ ಇದೆ."

ಅವರು ನಕ್ಕರೋ ಕೆಮ್ಮಿದರೋ ಗೊತ್ತಾಗಲಿಲ್ಲ. "ಹಾಗಾದ್ರೆ ಬರ್ಕೊಳ್ಳಿ," ಎಂದರು. "ಉರೀತಿತ್ತು. ಸರಿಯಾಗಿದೆ."

"ಯಾವತ್ತಿನಿಂದ ಅಂತ ಬರೀಲಿ? ತಾರೀಖು ಬೇಕು."

"ದೂರು ಕೊಟ್ಟ ಮಾರನೇ ದಿನದಿಂದ."

ಅಕ್ಕ ಕೆಂಪು ಪೆನ್ನು ತೆಗೆದು ಆರು ವರ್ಷದ ಹಿಂದಿನ ತಾರೀಖು ಬರೆದರು. ಅಷ್ಟರಲ್ಲಿ ಗಡಿಯಾರಗಳು ಶುರುವಾದವು. ಒಂದು, ಎರಡು, ಮೂರು. ಅಕ್ಕ ಬೆರಳು ಮಡಿಸುತ್ತ ಬಂದರು. ಆರನೆಯದು ಹೊಡೆದು ಸುಮ್ಮನಾಯಿತು.

"ಇರಿ ಮೇಡಂ," ಎಂದರು ಯಜಮಾನರು. "ಏಳನೆಯದು ಇನ್ನೂ ಹೊಡೆದಿಲ್ಲ."

ಅಕ್ಕ ರಿಸೀವರನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಆಮೇಲೆ, ಗಾಜಿನ ಲೋಟ ಇಟ್ಟಷ್ಟು ಜೋಪಾನವಾಗಿ ಕೆಳಗಿಟ್ಟರು. ಹತ್ತೊಂಬತ್ತು ವರ್ಷದ ವ್ರತ ಮುರಿಯಿತು. ಯಾವ ಕೋಟೆಯೂ ಉರುಳಲಿಲ್ಲ, ಯಾವ ಕಹಳೆಯೂ ಮೊಳಗಲಿಲ್ಲ. ಫ್ಯಾನು ನರಳಿತು. ಬೆಂಚಿನಲ್ಲಿದ್ದವರು ಒಳಗೆ ಬರಬಹುದಾ ಎಂದು ಕೇಳಿದರು.

ಪಾರಿತೋಷಕ ಬಂತು. ಸಾಹೇಬರ ಬೀರುವಿನಲ್ಲಿ ಕೂತು ಧೂಳು ತಿಂದಿತು. ಅಕ್ಕ ಈಗ ಎಲ್ಲರಂತೆ ಮಾತು ಮುಗಿದೊಡನೆ ಫೋನಿಡುತ್ತಿದ್ದರು, ಕೆಲವೊಮ್ಮೆ ಆಚೆಯವರಿಗಿಂತ ಮೊದಲೇ. ಗುರುವಾರ ಹನ್ನೊಂದಕ್ಕೆ ರಿಜಿಸ್ಟರಿಗೆ ಹೊಸ ಗೆರೆ ಎಳೆಯುವ ಕೆಲಸ ಇಟ್ಟುಕೊಂಡರು. ಗೆರೆ ಮಾತ್ರ ಯಾವ ವಾರವೂ ನೆಟ್ಟಗೆ ಬರಲಿಲ್ಲ. ಯಜಮಾನರು ತಾವಾಗಿ ಫೋನು ಮಾಡಬಹುದೆಂದು ನಾನು ತಿಂಗಳುಗಟ್ಟಲೆ ಕಾದೆ. ಆದರೆ ಲೈಟು ಕೆಡದೆ ದೂರು ಕೊಡುವವರಲ್ಲ ಅವರು. ಲೈನ್‌ಮನ್ನಿನ ಕೃಪೆಯಿಂದ ಆ ಕಂಬದಲ್ಲಿ ಕೆಡುವುದಕ್ಕೆ ಏನೂ ಉಳಿದಿರಲಿಲ್ಲ. ಊರಿನ ಅರ್ಧ ದೀಪಗಳು ಸತ್ತ ವಾರವೂ ಅದೊಂದು ಉರಿಯಿತು.

ಆಮೇಲೊಂದು ಶುಕ್ರವಾರ ಲೈನ್‌ಮನ್ ನನ್ನ ಮೇಜಿನ ಹತ್ತಿರ ಬಂದು ಬಗ್ಗಿದ.

"ನಿನ್ನೆ ಸಂಜೆ ಅಕ್ಕ ಆ ಕಂಬದ ಕೆಳಗೆ ನಿಂತಿದ್ರು ಸಾರ್. ನನ್ನ ಕೆಲಸದ ತಪಾಸಣೆಗೆ ಬಂದ್ರೇನೋ ಅಂತ ಹೆದರಿಬಿಟ್ಟೆ. ನೋಡಿದ್ರೆ ಅವರು ಲೈಟು ನೋಡ್ತಾನೇ ಇಲ್ಲ. ಆ ಗಡಿಯಾರದವರು ಜಗುಲಿ ಮೇಲೆ ಸ್ಟೂಲು ಹಾಕ್ಕೊಂಡು ಕೂತಿದ್ರು. ಯಾರು ಬೇಕಾಗಿತ್ತು ಅಂತ ಕೇಳಿದ್ರು. ಅಕ್ಕ ಬಾಯಿ ಬಿಡ್ಲಿಲ್ಲ. ಯಾರೂ ಬೇಡ ಅಂತ ಕೈಯಾಡಿಸಿದ್ರು, ಅಷ್ಟೇ. ಅವರು ಎದ್ದು ಒಳಗೆ ಹೋದ್ರು. ಆಮೇಲೆ ಒಳಗೆ ಏಳು ಗಂಟೆ ಹೊಡೆಯೋಕೆ ಶುರುವಾಯ್ತು ನೋಡಿ, ಒಂದಾದ್ಮೇಲೆ ಒಂದು. ಅಕ್ಕ ಬೆರಳು ಮಡಿಸ್ಕೊಂಡು ನಿಂತೇ ಇದ್ರು. ಎರಡು ಬಸ್ಸು ಬಂದು ಹೋದ್ವು. ಎಲ್ಲ ಹೊಡೆದು ಮುಗಿದ ಮೇಲೆ ನಡ್ಕೊಂಡು ಹೋದ್ರು."

ಅವನು ಹೋದ ಮೇಲೆ ನಾನು ಬಹಳ ಹೊತ್ತು ಮುದ್ರೆ ಒತ್ತುವ ಹಾಗೆ ನಟಿಸಿದೆ. ಅಕ್ಕ ಯಾರದೋ ಒಡೆದ ನಲ್ಲಿಯ ವಿಳಾಸ ಬರೆದುಕೊಳ್ಳುತ್ತಿದ್ದರು. ಫೋನಿಟ್ಟ ಮೇಲೆ ಕೇಳಿಯೇಬಿಟ್ಟೆ.

"ಅಷ್ಟು ದೂರ ಹೋಗಿ, ಅವರು ಎದುರಿಗೇ ಇದ್ದು, ಒಂದು ಮಾತಾಡೋದಲ್ವಾ ಅಕ್ಕ?"

ಅಕ್ಕ ಫೋನಿನ ಮೇಲೆ ಹೂವಿನ ಬಟ್ಟೆ ಹೊದಿಸಿ, ಅಂಚು ಎಳೆದು ಸರಿಮಾಡಿದರು.

"ಮಾತಾಡೋಕೆ ಏನಿತ್ತಪ್ಪ," ಎಂದರು. "ಲೈಟು ಉರೀತಿತ್ತು."