ಟೆಂಟಿನೊಳಗೆ ಕೆಂಡ

ಸ್ಕಂದಗಿರಿ ಬೆಟ್ಟದ ಮೇಲೆ ಟೆಂಟ್ ಹಾಕಿ ಮಲಗುವ ಹುಚ್ಚು ಆಗಿನ್ನೂ ಹೊಸದು. ಮೇಲೂರಿನಲ್ಲಿ ರೇಷ್ಮೆ ಹುಳು ಸಾಕುವ ಚಿಕ್ಕಪ್ಪನನ್ನು ನಾನೇ ಬಲವಂತ ಮಾಡಿ ಕರೆದುಕೊಂಡು ಹೋಗಿದ್ದೆ. ಚಳಿಗಾಳಿ ತಾಗದಂತೆ ಹುಳುಮನೆಯ ಸಂದಿಗೊಂದಿ ಮುಚ್ಚುವ ಅಭ್ಯಾಸ ಅವರದು. ಟೆಂಟಿನ ಗಾಳಿಕಿಂಡಿಗೂ ಟವೆಲ್ ತುರುಕಿದರು. ಬೆಳಗಿನ ಜಾವ ಎಚ್ಚರವಾದಾಗ, ಮಳೆಯಿಲ್ಲದಿದ್ದರೂ ಟೆಂಟಿನ ಬಟ್ಟೆಯಿಂದ ಮುಖದ ಮೇಲೆ ನೀರು ಹನಿಯುತ್ತಿತ್ತು, ಹೊದಿಕೆ ತೊಯ್ದಿತ್ತು. ಒಳಗೆ ಸಿಕ್ಕಿಕೊಂಡ ನಮ್ಮ ಉಸಿರೇ ಹೀಗೆ ನೀರಾಗುತ್ತದೆಂದು ಇಬ್ಬರಿಗೂ ಗೊತ್ತಿರಲಿಲ್ಲ.

“ತೇವ ಆದ್ರೆ ಹುಳಾನೇ ಉಳಿಯಲ್ಲ, ನಾವು ಉಳೀತೀವೇನೋ?” ಎಂದ ಚಿಕ್ಕಪ್ಪ, ರಾತ್ರಿ ಅಡುಗೆಗೆಂದು ಹೊರಗೆ ಹೂಡಿದ್ದ ಒಲೆಯಲ್ಲಿ ಇನ್ನೂ ಆರದಿದ್ದ ಇದ್ದಿಲ ಕೆಂಡವನ್ನು ಬಾಣಲೆಯಲ್ಲಿ ತಂದಿಟ್ಟು, ಜಿಪ್ ಎಳೆದು ಮಲಗಿದರು. ಹುಳುಮನೆಯನ್ನು ಅವರು ಒಣಗಿಸುತ್ತಿದ್ದದ್ದೂ ಹಾಗೆಯೇ. ಬೆಚ್ಚಗಾಯಿತಲ್ಲ ಎಂದು ನಾನೂ ಮತ್ತೆ ಮಲಗಿದೆ.

ಸ್ವಲ್ಪ ಹೊತ್ತಿಗೆ ಕೆಂಡದ ವಿಷಗಾಳಿ ಟೆಂಟಿನೊಳಗೆ ತುಂಬಿ ನನ್ನ ತಲೆ ಸಿಡಿಯತೊಡಗಿತು. ಚಿಕ್ಕಪ್ಪನನ್ನು ಕೂಗಿದೆ, ಅಲುಗಾಡಿಸಿದೆ. ಅವರು ಏಳಲಿಲ್ಲ. ಜಿಪ್ ಎಳೆಯಲು ಹೋದರೆ ಕೈಯಲ್ಲಿ ಶಕ್ತಿಯಿಲ್ಲ. ಅದರ ಹಲ್ಲಿಗೆ ಒದ್ದೆ ಬಟ್ಟೆ ಬೇರೆ ಸಿಕ್ಕಿಕೊಂಡಿತ್ತು. ಹೇಗೋ ಕಿತ್ತು ತೆಗೆದು, ಅವರ ಕಾಲು ಹಿಡಿದು ಹೊರಗೆಳೆದೆ.

ಮಂಜಿನಲ್ಲಿ ಬಿದ್ದು, ಕೆಮ್ಮಿ ಕೆಮ್ಮಿ ಕಣ್ಣು ಬಿಟ್ಟ ಚಿಕ್ಕಪ್ಪ ಮೊದಲು ಗದರಿದ್ದು ನನ್ನನ್ನೇ: “ಬಾಗ್ಲು ಯಾಕೋ ತೆಗ್ದೆ? ತೇವ ಒಳಕ್ಕೆ ಹೋಗುತ್ತೆ!”