ಪೆನ್ಸಿಲ್ಲಿನ ಎಂಬತ್ತೇಳು

ಮೇಜಿನ ಮೇಲೆ ಲ್ಯಾಬ್ ರೆಕಾರ್ಡ್‌ಗಳ ಗುಡ್ಡೆ. ಬೈಂಡ್ ಹಾಕಿದ ಕಂದು ಕಾಗದದ ವಾಸನೆ, ಗೋಂದಿನ ವಾಸನೆ. ಮೂಗಿಗೆ ಬಡಿದದ್ದೇ ತಡ, ನನ್ನ ಲ್ಯಾಬ್ ಮೇಷ್ಟ್ರು ನೆನಪಾದರು. ಹೋದ ವರ್ಷ ತೀರಿಕೊಂಡರಂತೆ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ನಾನು ಆಡುತ್ತೇನೆ.

ಆಗ ಕೊತ್ತತ್ತಿಯಿಂದ ಬೆಳಗಿನ ಬಸ್ಸಿಗೆ ಮಂಡ್ಯಕ್ಕೆ ಬಂದು ಕಂಪ್ಯೂಟರ್ ಸೈನ್ಸ್ ಡಿಗ್ರಿ ಓದುತ್ತಿದ್ದೆ. ಮೂರು ವರ್ಷ ಕಲಿತದ್ದು ಮುಖ್ಯವಾಗಿ ಇಳಿಸಿಕೊಳ್ಳುವುದನ್ನು. ಬಲಪುಟದಲ್ಲಿ ಪ್ರೋಗ್ರಾಂ, ಎಡಪುಟದಲ್ಲಿ ಪೆನ್ಸಿಲ್ಲಿನಲ್ಲಿ ಅದರ ಉತ್ತರ. ಎರಡನ್ನೂ ಸೀನಿಯರ್‌ಗಳ ರೆಕಾರ್ಡ್ ನೋಡಿ ಬರೆಯಬೇಕು. ಅವರು ತಮ್ಮ ಸೀನಿಯರ್‌ಗಳದ್ದು ನೋಡಿ ಬರೆದಿದ್ದರು. ಕಂಪ್ಯೂಟರ್‌ಗಳಿದ್ದವು, ಕವರ್ ಹೊದ್ದುಕೊಂಡು.

ಒಂದು ದಿನ, ಹತ್ತು ಸಂಖ್ಯೆಗಳಲ್ಲಿ ದೊಡ್ಡದನ್ನು ಹುಡುಕುವ ಪ್ರೋಗ್ರಾಮನ್ನು ಕಂಪ್ಯೂಟರಿನ ಕವರ್ ತೆಗೆದು ನಾನೇ ಓಡಿಸಿದೆ. ತೊಂಬತ್ತೊಂದು ಬಂತು. ರೆಕಾರ್ಡಿನಲ್ಲಿದ್ದದ್ದು ಎಂಬತ್ತೇಳು. ಆ ಹತ್ತು ಸಂಖ್ಯೆಗಳ ಸಾಲಿನಲ್ಲೇ ತೊಂಬತ್ತೊಂದು ಕಣ್ಣಿಗೆ ರಾಚುವ ಹಾಗೆ ಕೂತಿತ್ತು! ಖುಷಿಯಿಂದ ಓಡಿಹೋಗಿ ಮೇಷ್ಟ್ರಿಗೆ ಹೇಳಿದೆ.

"ರೆಕಾರ್ಡಲ್ಲಿ ಏನದೆ?"

"ಎಂಬತ್ತೇಳು ಸಾರ್. ಆದ್ರೆ ಮಿಷಿನ್ನು…"

"ಮಿಷಿನ್ನು ನಿಂಗೆ ಮಾರ್ಕ್ಸ್ ಕೊಟ್ಟದಾ? ಎಂಬತ್ತೇಳು ಬರ್ಕೊಂಡ್ ಬಾ, ಸೈನ್ ಆಕ್ತೀನಿ. ಇಲ್ದಿದ್ರೆ ಆಚೆ ನಿಂತ್ಕೊ ಕಣಮ್ಮ."

ಅವರ ಸಹಿಯಿಲ್ಲದೆ ಪರೀಕ್ಷೆಗೆ ಕೂರಿಸುತ್ತಿರಲಿಲ್ಲ. ಆದರೂ ಹಟ ಹಿಡಿದೆ. ಮೂರು ವಾರ ಬಾಗಿಲಾಚೆ ನಿಲ್ಲಿಸಿ, ಹೋಗುವವರು ಬರುವವರಿಗೆಲ್ಲ "ನೋಡ್ರಪ್ಪಾ, ನಮ್ ವಿಜ್ಞಾನಿ" ಅಂತ ತೋರಿಸಿ ನಕ್ಕರು. ಪರೀಕ್ಷೆಯ ಹಿಂದಿನ ದಿನ ಸೋತು ಎಂಬತ್ತೇಳು ಬರೆದುಕೊಂಡು ಹೋದೆ. ಯಾರ ಜೊತೆಗೋ ಮಾತಾಡುತ್ತಲೇ ಸಹಿ ಗೀಚಿದರು. ಪುಟದ ಕಡೆ ತಿರುಗಿಯೂ ನೋಡಲಿಲ್ಲ… ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ. ಆಮೇಲೆ ನಾನು ಯಾರನ್ನೂ ಏನೂ ಕೇಳಲಿಲ್ಲ. ಒಳ್ಳೆಯ ಮಾರ್ಕ್ಸ್ ಬಂತು. ಅದೇ ಲ್ಯಾಬಿಗೆ ಮೇಡಂ ಆಗಿ ಬಂದೆ.

ಗುಡ್ಡೆಯ ಮೇಲಿನ ರೆಕಾರ್ಡ್ ತೆರೆದೆ. ಅವೇ ಹತ್ತು ಸಂಖ್ಯೆ, ಎಡಪುಟದಲ್ಲಿ ಪೆನ್ಸಿಲ್ಲಿನ ಎಂಬತ್ತೇಳು. ಇಷ್ಟು ವರ್ಷ ಇಂಥ ಎಷ್ಟಕ್ಕೆ ಸಹಿ ಹಾಕಿದ್ದೇನೋ, ನೋಡದೆ. ಬರೆದ ಹುಡುಗಿಯನ್ನು ಕರೆಸಿದೆ.

"ಇದನ್ನ ಓಡಿಸಿ ನೋಡಿದ್ಯಾ?"

"ನೋಡ್ದೆ ಮೇಡಂ. ತೊಂಬತ್ತೊಂದು ಬತ್ತದೆ. ಅದ್ನ ಬರುದ್ರೆ ನೀವು ಸೈನ್ ಆಕಲ್ಲ ಅಂದ್ರು ಸೀನಿಯರ್ಸು. ಅದ್ಕೆ ಇಂಗೇ ಬರ್ದೆ."

ಮೇಷ್ಟ್ರು ಹೋದ ಸುದ್ದಿಗೆ ನನಗೆ ಅಳು ಬಂದಿರಲಿಲ್ಲ. ಆ ಬಾಗಿಲಾಚೆ ಮೂರು ವಾರ ನಿಂತಿದ್ದಳಲ್ಲ ಆ 'ವಿಜ್ಞಾನಿ', ಅವಳು ಯಾವಾಗ ಹೋದಳೋ ನನಗೆ ಗೊತ್ತೇ ಆಗಿರಲಿಲ್ಲ… ಹುಡುಗಿ ಇನ್ನೂ ಎದುರಿಗೇ ನಿಂತಿದ್ದಳು, ನನ್ನ ಸಹಿಗಾಗಿ.