ವೈಂಡಿಂಗ್ ಮಾಲತೇಶಪ್ಪನ ಎರಡು ಪ್ರೊಸೆಸರುಗಳು

ಪ್ರೊಸೆಸರ್ ಎಂಬ ಮಾತನ್ನು ಹುಚ್ಚಮ್ಮ ಮೊದಲು ಕೇಳಿದ ದಿನ ಅವಳ ಮಡಿಲಲ್ಲಿ ಹದಿನೇಳು ಹುಣಸೆ ಬೀಜ ಇದ್ದವು. ಹದಿನೇಳು ಬೀಜ ಅಂದರೆ ನೂರ ಎಪ್ಪತ್ತು ಸುತ್ತು. ಶಿಕಾರಿಪುರದ ಮಾರ್ಕೆಟ್ ರಸ್ತೆಯ ತನ್ನ ಮೋಟರ್ ವೈಂಡಿಂಗ್ ಅಂಗಡಿಯಲ್ಲಿ ಮಾಲತೇಶಪ್ಪ ಕೈಯಂತ್ರದ ಹಿಡಿ ತಿರುಗಿಸಿ ತಾಮ್ರದ ತಂತಿ ಸುತ್ತುತ್ತಿದ್ದ. ಹತ್ತು ಸುತ್ತು ಆದಾಗಲೆಲ್ಲ ಅವಳು ಡಬ್ಬಿಯಿಂದ ಒಂದು ಬೀಜ ತೆಗೆದು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಆ ಹೊತ್ತಿಗೆ ಸೊರಬದ ಬಸ್ಸಿಳಿದು ಅವನ ಮಗಳು ಅಶ್ವಿನಿ ಒಳಗೆ ಬಂದಳು.

"ಅಪ್ಪಾ, ಎರಡು ಥರ ಐತಂತೆ. ಡೆಸ್ಕ್‌ಟಾಪ್ ಪ್ರೊಸೆಸರ್ ಒಂದು, ಸರ್ವರ್ ಪ್ರೊಸೆಸರ್ ಒಂದು. ಯಾವ್ದು ತಗಳ್ಳಾದು?"

ಮಾಲತೇಶಪ್ಪನ ಕೈ ನಿಂತಿತು. "ನೋಡು, ಎಣಿಕೆ ತಪ್ಪಿಸಿದಿ."

"ತಪ್ಪಿದ್ದು ನಿಮ್ದು. ನಂದು ನೂರ ಎಪ್ಪತ್ತು ಐತಿ. ಮುಂದೆ ತಿರುಗಸ್ರಿ" ಎಂದಳು ಹುಚ್ಚಮ್ಮ.

ಅವಳು ಆ ಅಂಗಡಿಗೆ ಬಂದು ಸೇರಿದ್ದೂ ಒಂದು ತಪ್ಪಿನಿಂದಲೇ. ಗಂಡ ತೀರಿಕೊಂಡ ಮರುವರ್ಷ ಯಾರದೋ ಮದುವೆಗೆ ಖಾರದ ಪುಡಿ ಮಾಡಿಕೊಡಲು ಒಪ್ಪಿಕೊಂಡು, ನಾಲ್ಕು ಸೇರು ಒಣಮೆಣಸಿನಕಾಯಿಯನ್ನು ಮನೆಯ ಮಿಕ್ಸಿಯಲ್ಲಿ ನಿಲ್ಲಿಸದೆ ಅರೆದಿದ್ದಳು. ಮಿಕ್ಸಿ ಹೊಗೆ ಬಿಟ್ಟು ಕೂತಿತು. ಸೆರಗಲ್ಲಿ ಸುತ್ತಿಕೊಂಡು ತಂದಾಗ ಮಾಲತೇಶಪ್ಪ ಮೂಸಿ ನೋಡಿ, "ಅಕ್ಕ, ಇದು ಐದು ನಿಮಿಷ ಓಡೋ ಕುದುರೆ. ನೀವು ತಗೊಂಡೋಗಿ ಗಾಣಕ್ಕೆ ಕಟ್ಟೀರಿ" ಎಂದಿದ್ದ.

ಅದನ್ನು ಅವನು ಮತ್ತೆ ಸುತ್ತುವಾಗ ಅವಳು ಎದುರಿಗೇ ಕೂತಿದ್ದಳು. ಯಂತ್ರದಲ್ಲಿ ಎಣಿಸುವ ಮುಳ್ಳಿತ್ತು, ಆದರೆ ಹಲ್ಲು ಸವೆದು ನೂರಕ್ಕೆ ಒಂದೆರಡು ಹಾರಿಸುತ್ತಿತ್ತು. ಬಾಯಲ್ಲಿ ಎಣಿಸಿದರೆ ಗಿರಾಕಿ ಮಾತಾಡಿಸಿದ ಕೂಡಲೇ ತಪ್ಪುತ್ತಿತ್ತು. ಎರಡು ಸಲ ಸುತ್ತಿ ಎರಡು ಸಲ ಬಿಚ್ಚಿದ. ಮೂರನೆಯ ಸಲಕ್ಕೆ ಹುಚ್ಚಮ್ಮ ತನ್ನ ಚೀಲದೊಳಗಿದ್ದ ಹುಣಸೆ ಬೀಜ ತೆಗೆದು, "ಲಾಭ, ಎರಡು, ಮೂರು" ಎಂದು ಶುರು ಮಾಡಿದಳು. ಚಂದ್ರಗುತ್ತಿಯ ಕಡೆ ಅವಳ ತವರಿನ ಕಣದಲ್ಲಿ ಅಪ್ಪ ಕೊಳಗದಲ್ಲಿ ಭತ್ತ ಅಳೆಯುತ್ತಿದ್ದದ್ದು ಹಾಗೆಯೇ. ಮೊದಲನೆಯದನ್ನು ಒಂದು ಅನ್ನುವ ಹಾಗಿಲ್ಲ, ಲಾಭ ಅನ್ನಬೇಕು. ಅಳೆಯುವವನು ಬಾಯಲ್ಲಿ ಹೇಳುತ್ತ ಹೋದರೆ, ಪಕ್ಕದಲ್ಲಿ ಕೂತ ಎಂಟು ವರ್ಷದ ಹುಚ್ಚಮ್ಮ ಪ್ರತಿ ಕೊಳಗಕ್ಕೂ ಒಂದು ಕಲ್ಲು ತೆಗೆದಿಡುತ್ತಿದ್ದಳು. ಅಪ್ಪನ ಬಾಯಿ ತಪ್ಪಿದರೂ ಕಲ್ಲು ತಪ್ಪುತ್ತಿರಲಿಲ್ಲ. ಮಿಕ್ಸಿ ಓಡಿತು. ಅಂದಿನಿಂದ ಅಂಗಡಿಯ ಮೂಲೆಯ ಸ್ಟೂಲು ಅವಳದಾಯಿತು.

ಮಾಲತೇಶಪ್ಪ ಏಳನೆಯ ತರಗತಿಯವರೆಗೆ ಓದಿದವನು, ದಾವಣಗೆರೆಯಲ್ಲಿ ಕೆಲಸ ಕಲಿತವನು. ಯಾವ ಮೋಟರಿಗೆ ಎಷ್ಟು ಸುತ್ತು ಎಂಬುದನ್ನು ಪುಸ್ತಕದಲ್ಲಿ ಬರೆಯದೆ ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಸುತ್ತಲಿನ ಊರುಗಳ ಬಾವಿಯ ಮೋಟರುಗಳೆಲ್ಲ ಆ ಗೋಡೆಯ ಮೇಲಿದ್ದವು. ಸುಣ್ಣ ಬಳಿಸಲು ಬಿಡುತ್ತಿರಲಿಲ್ಲ. ಸುತ್ತಿದ ಮೋಟರನ್ನು ಹಾಗೇ ಯಾರ ಕೈಗೂ ಕೊಟ್ಟವನಲ್ಲ. ಹಿತ್ತಲ ತೊಟ್ಟಿಯ ನೀರೆತ್ತಿಸಿ, ನಾಲ್ಕು ತಾಸು ಓಡಿಸಿ, ಮೈ ಮುಟ್ಟಿ ನೋಡಿ, "ನಡೀತೈತಿ" ಎನ್ನುತ್ತಿದ್ದ. ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ.

ಅಶ್ವಿನಿ ಸೊರಬದಲ್ಲಿ ಒಂದು ಕೋಣೆ ಹಿಡಿದಿದ್ದಳು. ಹತ್ತನೆಯ ತರಗತಿಗೆ ಓದು ಬಿಟ್ಟ ಹನ್ನೆರಡು ಜನ ಹೆಂಗಸರು ಕಂಪ್ಯೂಟರ್ ಕಲಿಯುತ್ತೇವೆ ಎಂದು ಹೆಸರು ಕೊಟ್ಟಿದ್ದರು. ಚಂದ್ರಗುತ್ತಿಯವರು, ಕ್ಯಾಸನೂರಿನವರು, ಎಲ್ಲರೂ ಬಸ್ಸು ಹಿಡಿದು ಬರುವವರು. ಹನ್ನೆರಡು ಕಂಪ್ಯೂಟರ್ ಕೊಳ್ಳುವ ಮಾತು ದೂರ. ಒಂದೇ ಪೆಟ್ಟಿಗೆ, ಅದಕ್ಕೆ ಹನ್ನೆರಡು ಪರದೆ, ಹನ್ನೆರಡು ಕೀಲಿಮಣೆ ಜೋಡಿಸುವುದು ಅವಳ ಲೆಕ್ಕ. ಆ ಒಂದು ಪೆಟ್ಟಿಗೆಯನ್ನು ಕೊಡಿಸುತ್ತೇನೆಂದು ಅಪ್ಪ ಒಪ್ಪಿದ್ದ. ಎರಡನೆಯ ಸಲ ಕೊಡಿಸುವ ಶಕ್ತಿ ಅವನಿಗಿರಲಿಲ್ಲ.

"ಅದು ನಡುವೆ ಕೈ ಕೊಟ್ರೆ ಕತೆ ಮುಗೀತು" ಎಂದಳು ಅಶ್ವಿನಿ. "ಒಂದು ದಿನ ಬಂದು ಸುಮ್ನೆ ಪರದೆ ನೋಡ್ಕಂಡು ಹೋದ್ರೆ, ಮನೇಲಿ ಎರಡನೇ ದಿನ ಕಳ್ಸಲ್ಲ."

"ಎರಡಕ್ಕೂ ಏನ್ ವ್ಯತ್ಯಾಸ, ಅದನ್ನ ಹೇಳು."

"ಒಳಗೆ ಕೋರ್ ಅಂತ ಇರ್ತಾವಪ್ಪ. ಕೆಲಸ ಮಾಡೋ ಆಳು ಅಂದ್ಕಳಿ. ಡೆಸ್ಕ್‌ಟಾಪಿನದರಲ್ಲಿ ಆರು ಜನ, ಭಾರಿ ಚುರುಕು. ಸರ್ವರಿನದರಲ್ಲಿ ಹದಿನಾರು ಜನ, ಒಬ್ಬೊಬ್ರೂ ನಿಧಾನ. ಅದು ಹಗಲೂ ರಾತ್ರಿ ಓಡ್ಲಿ ಅಂತ ಮಾಡಿದ್ದು. ಆದ್ರೆ ನಮಗೆ ಸಿಗೋದು ಹಳೇದು, ಯಾವ್ದೋ ಆಫೀಸಲ್ಲಿ ಬಿಚ್ಚಿದ್ದು. ಡೆಸ್ಕ್‌ಟಾಪು ಹೊಸದು."

ಶಿವಮೊಗ್ಗದ ವ್ಯಾಪಾರಿಯೊಬ್ಬ ಮಾಲತೇಶಪ್ಪನ ಹಳೆಯ ಗಿರಾಕಿ. ಒಂದು ವಾರ ನೋಡಿ ಎಂದು ಎರಡೂ ಪೆಟ್ಟಿಗೆಗಳನ್ನು ಕಳಿಸಿಕೊಟ್ಟ. ಅಂಗಡಿಯ ಬೆಂಚಿನ ಮೇಲೆ ಇಟ್ಟು ಅಶ್ವಿನಿ ಒಂದೊಂದರ ಮುಂದೂ ಕೂತಳು. ಡೆಸ್ಕ್‌ಟಾಪು ಗುಂಡಿ ಒತ್ತಿದ್ದೇ ತಡ ಎಚ್ಚರವಾಯಿತು. ಪುಟಗಳು ಪಟಪಟನೆ ತೆರೆದವು. ಸರ್ವರು ಗಾಳಿ ಹಿಡಿದ ಪಂಪಿನಂತೆ ಸದ್ದು ಮಾಡುತ್ತ, ಏಳಲೋ ಬೇಡವೋ ಎಂಬಂತೆ ಎದ್ದಿತು. ಹುಚ್ಚಮ್ಮ ಅಷ್ಟರಲ್ಲಿ ಎಲೆ ಅಡಿಕೆ ಹಾಕಿಕೊಂಡು ಮುಗಿಸಿದ್ದಳು.

"ಹೊಸದೇ ಇರ್ಲಿ" ಎಂದ ಮಾಲತೇಶಪ್ಪ. "ಕಣ್ಣಿಗೆ ಕಾಣ್ತೈತಲ್ಲ."

ಹುಚ್ಚಮ್ಮ ಬಾಗಿಲಾಚೆ ಉಗುಳಿ ಬಂದು ಕೂತಳು. "ಯಾರಾದ್ರೂ ಮೋಟ್ರು ತಂದು, ಬಾವಿಗಿಳಿಸದೆ, ನೆಲದ ಮೇಲೆ ಗರಗರ ತಿರುಗಿಸಿ, ಚಲೋ ಐತಿ ಅಂದ್ರೆ ನೀವು ಒಪ್ತೀರೇನು ಮಾಲ್ತೇಶಪ್ಪ?"

ಮಾಲತೇಶಪ್ಪ ಗುಂಡಿ ಒತ್ತಿ ಡೆಸ್ಕ್‌ಟಾಪನ್ನು ಆರಿಸಿದ.

"ಅಲ್ಲಿ ಕೂರೋರು ಹನ್ನೆರಡು ಮಂದಿ. ಇಲ್ಲಿ ಕೂತಿದ್ದು ನಿಮ್ಮ ಮಗಳು ಒಬ್ಬಾಕೆ. ನನ್ನ ಮಿಕ್ಸಿನೂ ಮೊದಲ ಐದು ನಿಮಿಷ ಹಿಂಗೇ ಓಡಿತ್ತು."

ಅಶ್ವಿನಿ ನಕ್ಕಳು. ಮಾಲತೇಶಪ್ಪ ಗೋಡೆಯ ಅಂಕಿಗಳ ಕಡೆ ಕೈ ತೋರಿಸಿ, "ಮೂವತ್ತು ವರ್ಷ ಊರಿಗೆಲ್ಲ ಹೇಳಿದ ಮಾತು, ನನ್ನ ಮನೆ ಕೆಲಸಕ್ಕೆ ಮರ್ತೆ ನೋಡ್ರಿ" ಎಂದ.

ಭಾನುವಾರ ಮೂವರೂ ಸೇರಿ ಎರಡೂ ಪೆಟ್ಟಿಗೆಗಳನ್ನು ಸೊರಬದ ಕೋಣೆಗೆ ಒಯ್ದರು. ಹನ್ನೆರಡು ಹೆಂಗಸರೂ ಬಂದಿದ್ದರು. ಮೊದಲು ಡೆಸ್ಕ್‌ಟಾಪು. ನಾಲ್ಕು ಜನ ಕೂತಾಗ ಕುದುರೆಯೇ. ಏಳನೆಯವಳು ಕೂತ ಮೇಲೆ ಮಂಕಾಯಿತು. ಹನ್ನೆರಡೂ ಜನ ಒಟ್ಟಿಗೆ ಒತ್ತಿದಾಗ ಒಬ್ಬಳ ಪರದೆ ತೆರೆದರೆ ಇನ್ನೊಬ್ಬಳದು ಕಲ್ಲಾಗುತ್ತಿತ್ತು. "ನಾನೇನೋ ಕೆಡಿಸಿದೆ" ಎಂದು ಕ್ಯಾಸನೂರಿನ ರಾಧಮ್ಮ ಕೀಲಿಮಣೆಯಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಸರ್ವರು. ಒಬ್ಬಳು ಕೂತಾಗ ಎಷ್ಟು ನಿಧಾನವೋ ಹನ್ನೆರಡು ಜನ ಕೂತಾಗಲೂ ಅಷ್ಟೇ ನಿಧಾನ. ಅದಕ್ಕಿಂತ ಹೆಚ್ಚಲ್ಲ. ನಾಟಿ ಗದ್ದೆಯಲ್ಲಿ ಸಾಲು ಹಿಂದಕ್ಕೆ ಸರಿದಂತೆ ಎಲ್ಲರ ಪರದೆಯೂ ಸಮವಾಗಿ ಸಾಗಿತು. ನಾಲ್ಕು ತಾಸು ಓಡಿಸಿದರು. ಮಾಲತೇಶಪ್ಪ ಪೆಟ್ಟಿಗೆಯ ಬೆನ್ನಿಗೆ ಅಂಗೈ ಇಟ್ಟು ನೋಡಿದ.

"ನಡೀತೈತಿ. ಆದ್ರೆ ಬಿಸಿ ಉಗುಳ್ತೈತಿ."

ಅಶ್ವಿನಿ ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಒಳಗನ್ನು ಹುಚ್ಚಮ್ಮನಿಗೆ ತೋರಿಸಿದಳು. ನೆನಪಿಟ್ಟುಕೊಳ್ಳುವ ಹಸಿರು ಪಟ್ಟಿಯ ಮೇಲೆ ಸಾಲಾಗಿ ಒಂಬತ್ತು ಕರಿ ಚಿಪ್ಪುಗಳಿದ್ದವು. "ಡೆಸ್ಕ್‌ಟಾಪಿನದರಲ್ಲಿ ಎಂಟೇ ಅಜ್ಜಿ. ಈ ಒಂಬತ್ತನೇದು ಉಳಿದೆಂಟರ ಮೇಲೆ ಕಣ್ಣಿಡೋಕೆ. ಅವುಗಳಲ್ಲಿ ಒಂದು ಅಂಕಿ ತಪ್ಪಿದ್ರೆ ಇದರಿಂದ ಗೊತ್ತಾಗಿ ಅಲ್ಲೇ ತಿದ್ದುತ್ತೆ."

"ಹಂಗಾದ್ರೆ ಅದರ ಹೆಸರು ಹುಚ್ಚಮ್ಮ" ಎಂದ ಮಾಲತೇಶಪ್ಪ.

"ಅದಕ್ಕೆ ಎಲೆ ಅಡಿಕೆ ಕೊಡ್ತೀರೋ ಇಲ್ಲೋ?" ಎಂದಳು ಅವಳು.

ಸರ್ವರೇ ಉಳಿಯಿತು. ಹನ್ನೆರಡು ಜನರಲ್ಲಿ ಒಬ್ಬಳೂ ಬಿಡಲಿಲ್ಲ. ಆದರೆ ಬೇಸಿಗೆ ಏರಿದಂತೆ ಆ ಸಣ್ಣ ಕೋಣೆ ಒಲೆಯಾಗತೊಡಗಿತು. ಮಧ್ಯಾಹ್ನ ಪೆಟ್ಟಿಗೆ ಕಾದು ತಾನೇ ಆರಿತು ಎಂದು ಅಶ್ವಿನಿ ಫೋನ್ ಮಾಡಿದಳು. ಮಾಲತೇಶಪ್ಪನಿಗೆ ಆಗಲೇ ಕೈ ನಡುಕ ಶುರುವಾಗಿತ್ತು. ಹೊರಗಿನ ಕೆಲಸ ಒಪ್ಪಿಕೊಳ್ಳುವುದನ್ನು ಬಿಟ್ಟಿದ್ದ. ಅಟ್ಟದ ಮೇಲೆ ಸುಟ್ಟು ಬಿದ್ದಿದ್ದ ಎಗ್ಸಾಸ್ಟ್ ಫ್ಯಾನೊಂದನ್ನು ಇಳಿಸಿ, ಒರೆಸಿ, ಹುಚ್ಚಮ್ಮನಿಗೆ ಹೇಳಿ ಕಳಿಸಿದ. ಆ ಫ್ಯಾನು ಈಗಲೂ ಸೊರಬದ ಕೋಣೆಯಲ್ಲಿ ತಿರುಗುತ್ತಿದೆ. ಅದನ್ನು ಸುತ್ತಿ ಹತ್ತು ದಿನಕ್ಕೆ ಮಾಲತೇಶಪ್ಪ ಮಲಗಿದಲ್ಲೇ ತೀರಿಕೊಂಡ. ಆ ಹತ್ತು ದಿನ ಹುಚ್ಚಮ್ಮ ಮೊಮ್ಮಗಳ ಬಾಣಂತನಕ್ಕೆ ಹೋಗಿದ್ದಳು.

ಹಾಗಾಗಿ ಅವಳ ಪಾಲಿಗೆ ಉಳಿದದ್ದು ಆ ಫ್ಯಾನು ಸುತ್ತಿದ ಬೆಳಗೇ. ಕೂದಲೆಳೆಯಂಥ ತಂತಿ, ಒಂದೊಂದು ಕಾಯಿಲಿಗೆ ಇನ್ನೂರ ನಲವತ್ತು ಸುತ್ತು. ಹುಚ್ಚಮ್ಮ ಸ್ಟೂಲಿನ ಮೇಲೆ ಕೂತು "ಲಾಭ" ಎಂದಳು, ಅವನು ಹಿಡಿ ತಿರುಗಿಸಿದ. ಬಲಗೈ ನಡುಗಿದಾಗ ಎಡಗೈಯಲ್ಲಿ ಮಣಿಕಟ್ಟು ಒತ್ತಿ ಹಿಡಿದು, ಮತ್ತೆ ತಂತಿಗೆ ಕೈ ಹಾಕುತ್ತಿದ್ದ. ಅವಳು ಅವಸರ ಮಾಡಲಿಲ್ಲ, ಮಾತೂ ಆಡಿಸಲಿಲ್ಲ. ಕೊನೆಯ ಕಾಯಿಲಿನ ಹತ್ತೊಂಬತ್ತನೆಯ ಬೀಜ ಮಡಿಲಿಗೆ ಬಿದ್ದ ಮೇಲೆ, ಇನ್ನೂ ಐವತ್ತು ಸುತ್ತು ಬಾಕಿ ಇರುವಾಗಲೇ, ಹಿಡಿ ನಿಂತಿತು. ಮಾಲತೇಶಪ್ಪ ತಂತಿಯನ್ನು ಬೆರಳಲ್ಲಿ ಬಿಗಿ ಹಿಡಿದುಕೊಂಡು, ತಲೆ ಎತ್ತದೆ ಕೇಳಿದ:

"ಎಷ್ಟಾತ್ರಿ ಅಕ್ಕ?"